ಮಕ್ಕಳ ಎಳೆತನವೂ ತಂದೆಯ ಬಿಡುವೂ

ಕಚೇರಿಯ ಅಧಿಕಾರಿಗಳಿರಲಿ, ವಕೀಲರಿರಲಿ, ವ್ಯಾಪಾರಿಗಳಿರಲಿ, ಯಾರನ್ನು ಕೇಳಿದರೂ ತಾವು ದುಡಿಯುವುದು ಮಕ್ಕಳಿಗಾಗಿಯೇ ಎಂದು ಹೇಳುವರು. ಈ ಮಾತು ಸುಳ್ಳಲ್ಲ. ಆದರೆ ಯಾರಿಗಾಗಿ ಈ ದುಡಿಮೆಯೋ ಆ ಮಕ್ಕಳೊಡನೆ ದಿನಕ್ಕೆ ಎಷ್ಟು ಹೊತ್ತು ಕಳೆಯುವಿರೆಂದು ಕೇಳಿದರೆ ಉತ್ತರವು ಅಷ್ಟು ಬೇಗನೆ ಬರುವುದಿಲ್ಲ. ಈ ವರ್ಷದ ಕೆಲಸವೊಂದು ಮುಗಿಯಲಿ, ಆಮೇಲೆ ನೋಡೋಣ ಎಂಬುದೇ ಸಾಮಾನ್ಯವಾದ ಸಮಾಧಾನ. ಕೆಲಸವು ಕಾದೀತು, ಎಳೆತನವು ಕಾಯದು ಎಂಬುದನ್ನು ವಾಚಕ ಮಹಾಶಯರ ಗಮನಕ್ಕೆ ತರಲು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಅಧಿಕಾರಿಗಳಿಗೆ ಪರಿಚಿತವಾದ ಒಂದು ದೃಷ್ಟಾಂತವನ್ನೇ ತೆಗೆದುಕೊಳ್ಳೋಣ. ಕೇಂದ್ರ ಸರಕಾರದ ನೌಕರನು ತನ್ನ ಗಳಿಕೆ ರಜೆಯನ್ನು ಕೂಡಿಟ್ಟು, ನಿವೃತ್ತಿಯ ಕಾಲಕ್ಕೆ 300 ದಿನಗಳ ವರೆಗೆ ನಗದಾಗಿ ಪಡೆಯಬಹುದು. ಮಗು ಹುಟ್ಟಿದಾಗ ತಂದೆಗೆ ದೊರೆಯುವ 15 ದಿನಗಳ ಪಿತೃತ್ವ ರಜೆಯಾದರೋ ಹಾಗಲ್ಲ. ಆರು ತಿಂಗಳೊಳಗೆ ಬಳಸದಿದ್ದರೆ ಅದು ಲೋಪವಾಗುವುದು. ಮಕ್ಕಳ ಬಾಲ್ಯವು ಈ ಎರಡನೆಯ ಬಗೆಯ ಆಸ್ತಿ. ನಾವಾದರೋ ಅದನ್ನು ಮೊದಲನೆಯ ಬಗೆಯದೆಂದು ಭ್ರಮಿಸಿ, ಕೂಡಿಟ್ಟು ಮುಂದೆ ಅನುಭವಿಸುವೆವೆಂದು ನಂಬಿರುವೆವು. ಮೂರನೆಯ ವರ್ಷದಿಂದ ಹತ್ತನೆಯ ವರ್ಷದ ವರೆಗೆ ಇರುವುದು ಎರಡೂವರೆ ಸಾವಿರಕ್ಕೆ ತುಸು ಮೇಲ್ಪಟ್ಟ ಸಂಜೆಗಳು ಮಾತ್ರ. ಸಭೆ ಸಮಾರಂಭಗಳಿಗೆ ಹೋದವನ್ನೂ, ಮನೆಯಲ್ಲಿದ್ದೂ ಮೊಬೈಲ್ ದೂರವಾಣಿಯನ್ನು ದಿಟ್ಟಿಸುತ್ತ ಕಳೆದವನ್ನೂ ತೆಗೆದರೆ ಉಳಿಯುವುದೆಷ್ಟು?

ದೇಶಕಾರ್ಯದಲ್ಲಿ ಮುಳುಗಿದವರಿಗೆ ಇದಕ್ಕೆಲ್ಲ ವ್ಯವಧಾನವೆಲ್ಲಿಯದೆಂದು ಕೆಲವರು ಕೇಳಬಹುದು. ಜವಾಹರಲಾಲ ನೆಹರೂ ಅವರ ಉದಾಹರಣೆಯು ಇದಕ್ಕೆ ಉತ್ತರವಾಗಿದೆ. 1928ರ ಬೇಸಗೆಯಲ್ಲಿ ಹತ್ತು ವರ್ಷದ ಮಗಳು ಇಂದಿರೆ ಮಸ್ಸೂರಿಯಲ್ಲಿದ್ದಳು, ತಂದೆ ಅಲಹಾಬಾದಿನಲ್ಲಿದ್ದರು. ಎದುರು ಕೂತು ಹೇಳಲಾಗದ ಭೂಮಿಯ ಕಥೆಯನ್ನೂ ಮನುಷ್ಯನ ಕಥೆಯನ್ನೂ ಅವರು ಕಾಗದಗಳಲ್ಲಿ ಬರೆದರು. ಮುಂದೆ 1930ರ ಅಕ್ಟೋಬರಿನಲ್ಲಿ ಮಗಳ ಹದಿಮೂರನೆಯ ಹುಟ್ಟುಹಬ್ಬ ಬಂದಾಗ ಅವರು ಸೆರೆಮನೆಯಲ್ಲಿದ್ದರು. ಅಂದು ಆರಂಭವಾದ ಪತ್ರಮಾಲೆಯು 1933ರ ಆಗಸ್ಟಿನ ವರೆಗೆ ಸಾಗಿ, ಜಗತ್ತಿನ ಚರಿತ್ರೆಯನ್ನೊಳಗೊಂಡ ದೊಡ್ಡ ಗ್ರಂಥವಾಯಿತು. ಗ್ರಂಥದಿಂದ ಲೋಕಕ್ಕೆ ಲಾಭವಾಯಿತೆಂಬುದು ನಿಜ. ಆದರೆ ಮಗಳ ಜೊತೆಯಲ್ಲಿ ಉಣ್ಣುವ ಒಂದು ಹೊತ್ತಿನ ಊಟಕ್ಕೆ ಅಷ್ಟು ಪತ್ರಗಳೂ ಸಮವಾಗಲಾರವು. ಅವರನ್ನು ಅಗಲಿಸಿದ್ದು ಸೆರೆಮನೆಯ ಗೋಡೆ. ನಮ್ಮನ್ನು ಅಗಲಿಸುವುದು ನಡುಮನೆಯ ಹೊಸ್ತಿಲು.

ಈ ಉಪದೇಶವನ್ನು ಹೇಳುವ ಯೋಗ್ಯತೆಯು ನಮಗೂ ಪೂರ್ಣವಾಗಿ ಇಲ್ಲ. ಪತ್ರಿಕೆಯ ಆರಂಭದ ದಿನಗಳಲ್ಲಿ ಕರಡು ತಿದ್ದಿ ಮನೆ ಸೇರುವಾಗ ನಡುರಾತ್ರಿಯಾಗುತ್ತಿದ್ದಿತು. ಒಂದು ರಾತ್ರಿ ಮಗಳು ಸ್ಲೇಟನ್ನು ತಬ್ಬಿಕೊಂಡೇ ಬಾಗಿಲ ಬಳಿ ನಿದ್ರೆ ಹೋಗಿದ್ದಳು. ಅಂದು ಮೊದಲ ಬಾರಿ ತನ್ನ ಹೆಸರನ್ನು ತಾನೇ ಬರೆದಿದ್ದಳಂತೆ. ಅಪ್ಪನಿಗೆ ತೋರಿಸಿದ ಹೊರತು ಮಲಗೆನೆಂದು ಹಟ ಹಿಡಿದಿದ್ದಳಂತೆ. ಅಕ್ಷರಗಳೆಲ್ಲ ಅವಳ ಅಂಗಿಗೆ ಒರೆಸಿಹೋಗಿದ್ದುವು. ಬೆಳಿಗ್ಗೆ ಇನ್ನೊಮ್ಮೆ ಬರೆದು ತೋರಿಸೆಂದು ಕೇಳಿದೆವು, ಬರೆದಳು. ಆದರೆ ಆ ಹೊತ್ತಿಗೆ ಅದು ಅವಳಿಗೆ ಹಳೆಯ ಸಂಗತಿಯಾಗಿತ್ತು. ಈಗ ಅವಳು ಗಂಡನ ಮನೆಯಲ್ಲಿರುವಳು. ಆ ದಿನದ ಸಂಚಿಕೆಯಲ್ಲಿ ನಾವು ತಿದ್ದಿದ ಸುದ್ದಿ ಯಾವುದೆಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ಎರಡು ಪಾಳಿ ದುಡಿದರೂ ಹೊಟ್ಟೆ ತುಂಬದವರಿಗೆ ನಾವು ಈ ಮಾತನ್ನು ಹೇಳುತ್ತಿಲ್ಲ. ಅವರ ಬಿಡುವನ್ನು ಕಸಿದವರು ಬೇರೆ. ಆಯ್ಕೆಯು ತಮ್ಮ ಕೈಯಲ್ಲಿದ್ದೂ ಮುಂದೂಡುವ ಮಹನೀಯರಿಗೆ ನಮ್ಮ ವಿಜ್ಞಾಪನೆ. ಇದಕ್ಕೆ ಹಣ ಬೇಡ, ಯಾತ್ರೆ ಬೇಡ. ಮಗುವಿಗೊಂದು ಕೈತುತ್ತು, ದೀಪ ಹಚ್ಚುವ ಹೊತ್ತಿನಲ್ಲಿ ಒಂದು ಮಗ್ಗಿ, ಮಲಗುವ ಮುನ್ನ ನೂರು ಬಾರಿ ಕೇಳಿದ ಅದೇ ಕಥೆ, ಇಷ್ಟು ಸಾಕು. ಮಗುವು ಕಥೆಯ ನಡುವೆ ನಿದ್ರೆಹೋದರೂ ಚಿಂತೆಯಿಲ್ಲ. ಉಳಿದ ಕಡತವನ್ನು ನಾಳೆ ನೋಡಬಹುದು.