ಹಗ್ಗಕ್ಕೆ ಒರಗಿ ಗೆದ್ದ ಅಲಿ

ಪ್ರಶ್ನೆ: ಹೆವಿವೇಟ್ ಬಾಕ್ಸಿಂಗ್‌ನಲ್ಲಿ ಗೆಲ್ಲಿಸುವುದು ತೋಳ್ಬಲವೋ, ಮನೋಬಲವೋ?

ಉತ್ತರ: ತೋಳ್ಬಲವೊಂದೇ ಸಾಕಾಗಿದ್ದರೆ 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್ ಸೋಲುತ್ತಿರಲಿಲ್ಲ. ಅವರಿಗೆ ಆಗ 25 ವರ್ಷ. ಆಡಿದ 40 ಪಂದ್ಯಗಳನ್ನೂ ಗೆದ್ದಿದ್ದರು. ಹಿಂದಿನ ವರ್ಷವಷ್ಟೇ ಜೋ ಫ್ರೇಜಿಯರ್ ಅವರನ್ನು ಎರಡೇ ಸುತ್ತುಗಳಲ್ಲಿ ಆರು ಸಲ ಕೆಡವಿದ್ದರು. ಎದುರಾಳಿ ಮುಹಮ್ಮದ್ ಅಲಿಗೆ 32.

ಎರಡನೇ ಸುತ್ತಿನಿಂದ ಅಲಿ ಹಗ್ಗಕ್ಕೆ ಒರಗಿ ನಿಂತುಬಿಟ್ಟರು. ಮೊಣಕೈಗಳು ಪಕ್ಕೆಗೆ ಅಂಟಿಕೊಂಡಿದ್ದವು, ಗ್ಲೌಸ್ ಮುಖಕ್ಕೆ ಅಡ್ಡವಾಗಿತ್ತು, ತಲೆ ಹಿಂದಕ್ಕೆ ಬಾಗಿತ್ತು. ಸಡಿಲವಾಗಿದ್ದ ಹಗ್ಗ ಹೊಡೆತದ ರಭಸವನ್ನು ಒಂದಿಷ್ಟು ನುಂಗುತ್ತಿತ್ತು. ಉಳಿದದ್ದನ್ನು ತೋಳು, ಪಕ್ಕೆಗಳೇ ತಡೆದುಕೊಳ್ಳಬೇಕಿತ್ತು. ಅಲ್ಲಿಂದ ಹೊರಗೆ ಬಾ ಎಂದು ತರಬೇತುದಾರ ಆಂಜೆಲೊ ಡಂಡಿ ಕೂಗಿದರೂ ಅಲಿ ಕದಲಲಿಲ್ಲ. ಹತ್ತಿರ ಬಂದಾಗಲೆಲ್ಲ ಫೋರ್‌ಮನ್ ಕತ್ತಿನ ಮೇಲೆ ಭಾರ ಹಾಕಿ, ಇಷ್ಟೇನಾ ನಿನ್ನ ಏಟು ಎಂಬಂತೆ ಕೆಣಕುತ್ತಿದ್ದರು. ಅಂಥ ಹೊಡೆತಗಳ ನಡುವೆ ಕಣ್ಣು ಮುಚ್ಚದೆ, ಲೆಕ್ಕ ತಪ್ಪದೆ ನಿಲ್ಲುವುದಿದೆಯಲ್ಲ, ನನ್ನ ಮಟ್ಟಿಗೆ ಅದೇ ಈ ಆಟದ ಅತಿ ಕಠಿಣ ವಿದ್ಯೆ.

ಎಂಟನೇ ಸುತ್ತಿನ ಹೊತ್ತಿಗೆ ಫೋರ್‌ಮನ್ ತೋಳು ಸೋತಿತ್ತು. ಅಲಿಯ ಎಡಗೈ ಹುಕ್, ಬೆನ್ನಿಗೇ ನೇರ ಬಲಗೈ ಪಂಚ್, ಫೋರ್‌ಮನ್ ನೆಲಕ್ಕುರುಳಿದರು.

ಫೋರ್‌ಮನ್ ಗಟ್ಟಿತನವೂ ಕಡಿಮೆಯದಲ್ಲ. 1994ರಲ್ಲಿ, 45ರ ವಯಸ್ಸಿನಲ್ಲಿ, ಮೈಕಲ್ ಮೂರರ್ ಅವರನ್ನು ನಾಕ್‌ಔಟ್ ಮಾಡಿ ಮತ್ತೆ ಹೆವಿವೇಟ್ ಪಟ್ಟಕ್ಕೇರಿದರು.