ಟೆಸ್ಟರ್ ದೀಪ ಹತ್ತದಿದ್ದರೆ ಕರೆಂಟ್ ಇಲ್ಲವೆಂದೇ?

ಪ್ರಶ್ನೆ: ಸ್ವಿಚ್‌ಬೋರ್ಡ್ ರಿಪೇರಿಗೆ ಸ್ಕ್ರೂಡ್ರೈವರ್‌ನಂಥ ಹಳೆಯ ಟೆಸ್ಟರ್ ಸಾಕೇ? ತಂತಿಗೆ ಮುಟ್ಟಿಸದೆಯೇ ಬೀಪ್ ಅನ್ನುವ ಪೆನ್ ಟೆಸ್ಟರ್ ಕೊಳ್ಳಬೇಕೇ?

ಉತ್ತರ: ಕೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ.

ಹಳೆಯ ಟೆಸ್ಟರ್‌ನೊಳಗೆ ನಿಯಾನ್ ದೀಪ, ಜೊತೆಗೊಂದು ದೊಡ್ಡ ರೆಸಿಸ್ಟರ್. ಅತ್ಯಲ್ಪ ಕರೆಂಟು ನಿಮ್ಮ ಬೆರಳು, ಮೈ, ಕಾಲು ದಾಟಿ ನೆಲ ಸೇರಿದರಷ್ಟೇ ದೀಪ ಹತ್ತುವುದು. ಅಂದರೆ ಸರ್ಕ್ಯೂಟ್‌ನಲ್ಲಿ ನೀವೂ ಒಂದು ಭಾಗ! ರಬ್ಬರ್ ಚಪ್ಪಲಿ ಹಾಕಿ ಮರದ ಸ್ಟೂಲ್ ಹತ್ತಿದರೆ ಬೆಳಕು ಮಂಕು. ಬಿಸಿಲಿನಲ್ಲಂತೂ ಕಾಣುವುದೇ ಕಷ್ಟ. ಒಳಗೆ ನೀರು ಸೇರಿದ್ದರೆ ಶಾಕ್ ನಿಮಗೇ.

ಪೆನ್ ಟೆಸ್ಟರ್ ತಂತಿಯ ಸುತ್ತಲಿನ ವಿದ್ಯುತ್ ಕ್ಷೇತ್ರವನ್ನು ಗ್ರಹಿಸುತ್ತದೆ. ಕಬ್ಬಿಣದ ಪೈಪಿನೊಳಗಿನ ತಂತಿ ಅದಕ್ಕೆ ಗೊತ್ತಾಗದು. ಸೋಲಾರ್ ಪ್ಯಾನೆಲ್, ಯುಪಿಎಸ್ ಬ್ಯಾಟರಿಗಳ ಡಿಸಿಯೂ ಅಷ್ಟೇ. ಪಕ್ಕದ ತಂತಿಯ ಪ್ರಭಾವಕ್ಕೆ ಸುಮ್ಮಸುಮ್ಮನೆ ಕೂಗುವುದೂ ಉಂಟು. ಆ ತಪ್ಪು ಪರವಾಗಿಲ್ಲ. ಕೂಗಬೇಕಾದಲ್ಲಿ ಸುಮ್ಮನಿರುವುದೇ ಅಪಾಯ. ಆದ್ದರಿಂದ ಕರೆಂಟ್ ಇರುವುದು ಖಚಿತವಾದ ಸಾಕೆಟ್‌ನಲ್ಲಿ ಮೊದಲು ಪರೀಕ್ಷಿಸಿ, ಆಮೇಲೆ ರಿಪೇರಿಯ ತಂತಿ, ಮತ್ತೊಮ್ಮೆ ಅದೇ ಸಾಕೆಟ್. ನಡುವೆ ಬ್ಯಾಟರಿ ಸತ್ತಿದ್ದರೆ ಗೊತ್ತಾಗುತ್ತದೆ.

ಕೊಳ್ಳುವಾಗ ಬೆಲೆಗಿಂತ ಮೊದಲು ಮೈಮೇಲಿನ ಬರಹ ನೋಡಿ. ನಮ್ಮ ಮನೆಗಳಲ್ಲಿರುವುದು 230 ವೋಲ್ಟ್. ಆದರೂ ಕ್ಷಣಮಾತ್ರದ ಸರ್ಜ್ ತಡೆಯಲು ‘ಕ್ಯಾಟ್ 3, 600 ವೋಲ್ಟ್’ ಎಂದಾದರೂ ಇರಲಿ.

ತಂತಿಗೆ ಕೈ ಹಾಕುವ ಮುನ್ನ ಕೊನೆಯ ತೀರ್ಪು ಮಲ್ಟಿಮೀಟರ್‌ನದು: ಫೇಸ್-ನ್ಯೂಟ್ರಲ್, ಫೇಸ್-ಅರ್ತ್, ನ್ಯೂಟ್ರಲ್-ಅರ್ತ್ ಮೂರನ್ನೂ ಅಳೆಯಿರಿ. ಎಂಸಿಬಿ ಜೊತೆ ಯುಪಿಎಸ್ ಕೂಡ ಆಫ್ ಮಾಡಿರಬೇಕು. ಮೀಟರ್‌ಗಿಂತ ಹಿಂದಿನ ತಂತಿಯ ಕೆಲಸವನ್ನು ಎಸ್ಕಾಂ ಲೈನ್‌ಮನ್‌ಗೇ ಬಿಡಿ.