ಬಗಾಸ್ ಕರಗಿಸೋ ಉಪ್ಪು: ಕಂಪ್ಯೂಟರ್ ಅದನ್ನ ಹೇಗೆ ಹುಡುಕುತ್ತೆ?

ರಾಮನಗರದಿಂದ ದಾಂಡೇಲಿಗೆ ಓಡಾಡೋರಿಗೆ ಅಲ್ಲಿನ ಪೇಪರ್ ಮಿಲ್ ಗೊತ್ತೇ ಇರುತ್ತೆ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್, 1955ರ ಕಂಪನಿ. ಪೇಪರ್ ಮಿಲ್‌ಗಳಲ್ಲಿ ಸಾಮಾನ್ಯವಾಗಿ ಮರದ ಚಕ್ಕೆಗಳನ್ನ ಕಾಸ್ಟಿಕ್ ಸೋಡಾ, ಸೋಡಿಯಂ ಸಲ್ಫೈಡ್ ಜೊತೆ ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸ್ತಾರೆ. ಅಂಟಿನಂಥ ಲಿಗ್ನಿನ್ ಕರಗುತ್ತೆ, ಸೆಲ್ಯುಲೋಸ್ ನಾರು ಉಳಿಯುತ್ತೆ.

ಆ ಸೆಲ್ಯುಲೋಸನ್ನೇ ಕರಗಿಸೋಕಾಗುತ್ತಾ? ನೀರಲ್ಲಂತೂ ಆಗಲ್ಲ. ಅದರ ಉದ್ದನೆಯ ಸರಪಳಿಗಳು ಹೈಡ್ರೋಜನ್ ಬಂಧಗಳಿಂದ ಒಂದಕ್ಕೊಂದು ಬಿಗಿಯಾಗಿ ಹಿಡ್ಕೊಂಡಿರುತ್ತವೆ. 2002ರಲ್ಲಿ ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ರಾಬಿನ್ ರೋಜರ್ಸ್ ತಂಡ ಅಯಾನಿಕ್ ಲಿಕ್ವಿಡ್‌ನಲ್ಲಿ ಅದನ್ನ ಕರಗಿಸಿ ತೋರಿಸ್ತು.

ಅಯಾನಿಕ್ ಲಿಕ್ವಿಡ್ ಅಂದ್ರೆ ದ್ರವರೂಪದ ಉಪ್ಪು. ಅಡುಗೆ ಉಪ್ಪು ಕರಗಿ ದ್ರವ ಆಗೋಕೆ 801 ಡಿಗ್ರಿ ಬೇಕು; ಇವಕ್ಕೆ 100 ಡಿಗ್ರಿಗಿಂತ ಕಡಿಮೆ ಸಾಕು. ಧನ ಅಯಾನು, ಋಣ ಅಯಾನು ಬದಲಿಸ್ತಾ ಹೋದ್ರೆ ಲಕ್ಷಾಂತರ ಜೋಡಿ ಸಾಧ್ಯ. ಎಲ್ಲವನ್ನೂ ಲ್ಯಾಬ್‌ನಲ್ಲಿ ಮಾಡಿ ನೋಡೋದು ಆಗದ ಮಾತು.

ಅದಕ್ಕೇ ಕಂಪ್ಯೂಟರ್. ಪ್ರತಿ ಪರಮಾಣು ಮೇಲೆ ಎಷ್ಟು ಬಲ ಬೀಳುತ್ತೆ ಅಂತ ಲೆಕ್ಕ ಹಾಕಿ, ಅದನ್ನ ಒಂದಿಷ್ಟೇ ಸರಿಸುತ್ತೆ, ಮತ್ತೆ ಲೆಕ್ಕ. ಒಂದು ಹೆಜ್ಜೆ ಅಂದ್ರೆ ಸುಮಾರು ಒಂದು ಫೆಮ್ಟೋಸೆಕೆಂಡ್. ಹತ್ತು ಲಕ್ಷ ಹೆಜ್ಜೆ ಇಟ್ರೂ ಮುಗಿಯೋದು ಒಂದೇ ನ್ಯಾನೋಸೆಕೆಂಡ್! ಇಂಥ ಕೆಲಸಕ್ಕೇ ಬೆಂಗಳೂರಿನ ಐಐಎಸ್‌ಸಿಯ ಪರಮ್ ಪ್ರವೇಗದಂಥ ಸೂಪರ್ ಕಂಪ್ಯೂಟರ್ ಬೇಕಾಗೋದು.

ಈ ಲೆಕ್ಕದಲ್ಲಿ ಕಂಡಿದ್ದು ಏನು ಗೊತ್ತಾ? ಕ್ಲೋರೈಡ್‌ನಂಥ ಋಣ ಅಯಾನುಗಳು ಸೆಲ್ಯುಲೋಸ್‌ನ ಹೈಡ್ರಾಕ್ಸಿಲ್ ಗುಂಪುಗಳನ್ನ ತಾವೇ ಹಿಡ್ಕೊಳ್ತವೆ. ಸರಪಳಿಗಳ ನಡುವಿನ ಹಿಡಿತ ಬಿಡುತ್ತೆ. ನೀರು ಸೇರಿಸಿದ್ರೆ ಅಯಾನುಗಳು ನೀರಿನ ಕಡೆ ವಾಲ್ತವೆ, ಸೆಲ್ಯುಲೋಸ್ ಮತ್ತೆ ಗಟ್ಟಿಯಾಗಿ ಹೊರಬರುತ್ತೆ.

ನಿಜವಾದ ಕಷ್ಟ ಇರೋದೂ ಇಲ್ಲೇ. ಹಳಿಯಾಳ ಕಡೆ ಕಬ್ಬು ಅರೆದ ಮೇಲೆ ಉಳಿಯೋ ಬಗಾಸ್ ತಗೊಳ್ಳಿ. ಅದು ಶುದ್ಧ ಸೆಲ್ಯುಲೋಸ್ ಅಲ್ಲ. ಲಿಗ್ನಿನ್ ಇದೆ, ಬೂದಿ ಇದೆ, ಬೇಕಾದಷ್ಟು ನೀರೂ ಇದೆ. ಪರದೆ ಮೇಲೆ ಗೆದ್ದ ಉಪ್ಪು ಒದ್ದೆ ಬಗಾಸ್ ಮುಂದೆ ಸೋಲಬಹುದು. ಈ ಉಪ್ಪುಗಳು ದುಬಾರಿ ಬೇರೆ. ಕೆಲವು ಜಲಚರಗಳಿಗೆ ವಿಷ. ನೀರು ಆರಿಸಿ, ಉಪ್ಪನ್ನ ಹೆಚ್ಚುಕಡಿಮೆ ಪೂರ್ತಿ ವಾಪಸ್ ಪಡೀಬೇಕು. ಇಲ್ಲಾಂದ್ರೆ ಲಾಭವೂ ಇಲ್ಲ, ಕಾಳಿಯಂಥ ನದಿಗೆ ನೆಮ್ಮದಿಯೂ ಇಲ್ಲ.

ನನ್ನ ಪ್ರಕಾರ ಕಂಪ್ಯೂಟರ್ ಉತ್ತರ ಕೊಡಲ್ಲ. ಲಕ್ಷ ಜೋಡಿಗಳಲ್ಲಿ ಮೊದಲು ಯಾವ ಹತ್ತನ್ನ ಪರೀಕ್ಷಿಸಬೇಕು ಅಂತ ಹೇಳುತ್ತೆ. ಅದೇ ದೊಡ್ಡ ಉಪಕಾರ. ಮುಂದೆ ಯಾರಾದ್ರೂ ‘ಗ್ರೀನ್ ಸಾಲ್ವೆಂಟ್’ ಅಂದ್ರೆ ನೀವು ಒಂದೇ ಪ್ರಶ್ನೆ ಕೇಳಿ: ವಾಪಸ್ ಎಷ್ಟು ಸಿಗುತ್ತೆ?